ಹೇಳದೆ ತಿದ್ದಿದ ಗೆರೆ

ಉಪಕಾರ ಮಾಡಲು ಹೋಗಿ ಒಬ್ಬರ ಅನ್ನಕ್ಕೇ ಕಲ್ಲು ಹಾಕಿದ್ದು ನಿಮ್ಮ ಕೈಯಿಂದಲೂ ಆಗಿದೆಯೇ? ನನ್ನಿಂದ ಆಗಿದೆ.

೧೯೬೪. ದಾವಣಗೆರೆಯ ಒಂದು ಛಾಪಖಾನೆಯಲ್ಲಿ ನಾನು ಟ್ರೇಸರ್. ಅಂದರೆ, ಕಲಾವಿದರು ಪೆನ್ಸಿಲ್‌ನಲ್ಲಿ ಬರೆದ ಚಿತ್ರದ ಮೇಲೆ ತೆಳು ಕಾಗದವಿಟ್ಟು ಮಸಿಯಲ್ಲಿ ಎಳೆಯುವವನು. ಅದರಿಂದಲೇ ಅಚ್ಚೊತ್ತುವ ಸತುವಿನ ಬ್ಲಾಕ್ ಆಗುತ್ತಿತ್ತು.

ನಮ್ಮ ವಾರಪತ್ರಿಕೆಗೆ ಚೌಕಚೌಕದ ಚಿತ್ರಗಳಲ್ಲಿ ಕಥೆ ಹೇಳುವ ಚಿತ್ರಕಥೆ ಬರೆಯುತ್ತಿದ್ದವರು ಚನ್ನಬಸಪ್ಪನವರು. ಹರಿಹರದ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಯೂರೋಪಿನ ಎಂಜಿನಿಯರ್ ಒಬ್ಬರು ಕೊಟ್ಟ ಚಿತ್ರಕಥೆ ಪುಸ್ತಕವೇ ಅವರಿಗೆ ಗುರು. ಅದನ್ನು ಬರೆದಾತನನ್ನು ನೋಡಿಯೇ ಯೂರೋಪಿನಲ್ಲಿ ಚಿತ್ರಗಾರರ ಒಂದು ತಲೆಮಾರೇ ಕಲಿತಿತ್ತಂತೆ. ಅದರಲ್ಲಿ ನೆರಳಿಲ್ಲ, ಗೀಚಾಟವಿಲ್ಲ. ಒಂದೇ ದಪ್ಪದ ಗೆರೆಯಲ್ಲಿ ಓಟ, ಮಳೆ, ಹಸಿವು ಎಲ್ಲ ಕಾಣುತ್ತಿತ್ತು. ಭಾಷೆ ಬಾರದ ಚನ್ನಬಸಪ್ಪನವರು ಅದನ್ನು ನೋಡಿ ನೋಡಿಯೇ ತಮ್ಮ ಕೈ ಪಳಗಿಸಿಕೊಂಡಿದ್ದರು.

ಆ ವರ್ಷ ಅವರ ಬಲಗೈ ನಡುಗತೊಡಗಿತು. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ನಾನು ಟ್ರೇಸ್ ಮಾಡುವಾಗ ಗೆರೆಗಳನ್ನು ನೇರ ಮಾಡಿದೆ. ನಾಲ್ಕು ತಿಂಗಳು, ಯಾರಿಗೂ ಹೇಳದೆ. ಅಚ್ಚಾದ ಪತ್ರಿಕೆಯಲ್ಲಿ ಗೆರೆ ನೆಟ್ಟಗಿರುವುದನ್ನು ಕಂಡು, ಪೆನ್ಸಿಲ್ಲಿನ ನಡುಕ ಅಷ್ಟೇನೂ ಇಲ್ಲವೆಂದು ಅವರು ಖುಷಿಪಟ್ಟರು. ಡಾಕ್ಟರ ಬಳಿ ಹೋಗಿ ಎಂದ ಹೆಂಡತಿಗೆ ಪತ್ರಿಕೆಯನ್ನೇ ತೋರಿಸಿ ಬಾಯಿ ಮುಚ್ಚಿಸಿದರಂತೆ.

ಅಷ್ಟರಲ್ಲಿ ಹರಿಹರದ ಕಾರ್ಖಾನೆಯಿಂದ ಕರೆ ಬಂತು. ಗೇಟಿನ ದೊಡ್ಡ ಹಲಗೆಯ ಮೇಲೆ, ಯಂತ್ರದ ಹತ್ತಿರ ಎಚ್ಚರವಾಗಿರುವುದು ಹೇಗೆಂದು ಚಿತ್ರಕಥೆಯಲ್ಲಿ ಬರೆಯಬೇಕು. ನೇರವಾಗಿ ಕುಂಚದಲ್ಲಿ, ನಡುವೆ ಟ್ರೇಸರ್ ಇಲ್ಲ. ಬಣ್ಣದ ಡಬ್ಬಿ ಹೊತ್ತು ಜೊತೆಗೆ ಹೋದ ನಾನು ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಶಿಫ್ಟ್ ಬಿಟ್ಟ ಕಾರ್ಮಿಕರು ಸುತ್ತ ನಿಂತರು. ಮೊದಲ ಮುಖದ ಗೆರೆಯೇ ಹಾವಿನಂತೆ ಹರಿಯಿತು. ಅಳಿಸಿದರು, ಮತ್ತೆ ಎಳೆದರು.

"ಏನ್ರಿ ಮಾಸ್ತರ್ರೆ, ಭೂಮಿ ನಡಗ್ತೈತೇನ್ರಿ?" ಎಂದನೊಬ್ಬ. ಎಲ್ಲರೂ ನಕ್ಕರು.

ಚನ್ನಬಸಪ್ಪನವರು ಏಣಿ ಇಳಿದು ನನ್ನನ್ನೇ ನೋಡಿದರು. "ಪೇಪರ್‌ನಾಗೆ ಬರ್ತಿದ್ದದ್ದು ನಿನ್ನ ಕೈಯೇನಪ್ಪ?"

"ಹೂಂರಿ."

"ಆ ಪುಸ್ತಕದ ಕೊನೇ ಪುಟ ನೋಡೀಯೇನು? ಆ ಪುಸ್ತಕ ಬರೆದಾತ ಕಾಯಿಲೆ ಬಿದ್ದಾಗ ಬರೆದಿದ್ದಂತೆ, ಎಂಜಿನಿಯರ್ ಹೇಳಿದ್ರು. ಅವನ ಗೆರೆನೂ ನಡುಗೈತೆ. ಅಲ್ಲಿ ಯಾರೂ ತಿದ್ದಿಲ್ಲ." ಕುಂಚವನ್ನು ಡಬ್ಬಿಯಲ್ಲಿಟ್ಟು ಹೇಳಿದರು: "ನನ್ನ ಕೈ ವಾಸಿ ಆತು ಅಂತ ನಂಬಿದ್ದೆನಲ್ಲೋ."

ಮರುದಿನದಿಂದ ಅವರು ಛಾಪಖಾನೆಗೆ ಬರಲೇ ಇಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಕೇಳಿದರಂತೆ. ಅವರ ಜಾಗಕ್ಕೆ ಮಾಲೀಕರು ನನ್ನನ್ನೇ ಕೂರಿಸಿದರು. ನಾಚಿಕೆ ಬಿಟ್ಟು ಕೂತೆ.

ಕಸುಬು ಕಲಿಸಿದ್ದು ಇಷ್ಟೇ: ತಪ್ಪು ಕಂಡರೆ ಮೊದಲು ಗೆರೆ ಎಳೆದವರಿಗೆ ಹೇಳಿ, ಆಮೇಲೆ ಕೈ ಹಾಕಿ. ನೀವೂ ಯಾರದಾದರೂ ಕಷ್ಟವನ್ನು ಹೀಗೆ ಮುಚ್ಚಿ ಕೆಡಿಸಿದ್ದರೆ ಕೆಳಗೆ ಬರೆಯಿರಿ. ಸಮಜಾಯಿಷಿ ಬೇಡ, ನಡೆದದ್ದನ್ನಷ್ಟೇ ಹೇಳಿ.