ಎಲೆಯ ಮೇಲೆ ಬಡಿಸಿದ ಟಿಲ್ಲರ್

ಮೊಮ್ಮಗಳು ಹುಟ್ಟಿದ ಮೇಲೆ ನನಗೆ ಬುದ್ಧಿ ಸ್ವಲ್ಪ ಕಮ್ಮಿಯಾಗಿದೆ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯ ಇಲ್ಲ. ಹೆಂಡತಿ ಗುಲಾಬಿ ಇದನ್ನು ಗಟ್ಟಿಯಾಗಿ ಹೇಳುತ್ತಾಳೆ, ಬಾಣಂತನಕ್ಕೆ ಬಂದ ಮಗಳು ಸುಜಾತ ನಗುತ್ತಾ ಹೇಳುತ್ತಾಳೆ. ನಾನೂ ಒಪ್ಪಿಕೊಂಡಿದ್ದೇನೆ. ಹೇಗೆ ಒಪ್ಪದಿರಲಿ? ಕುಂದಾಪುರದ ಆಸ್ಪತ್ರೆಯಲ್ಲಿ ನರ್ಸಮ್ಮ ಆ ಬಟ್ಟೆಯ ಸಣ್ಣ ಗಂಟನ್ನು ನನ್ನ ಕೈಗೆ ಕೊಟ್ಟಾಗ, ಅದು ಒಂದೇ ಒಂದು ಕಣ್ಣು ತೆರೆದು ನನ್ನನ್ನು ನೋಡಿತು. ಅಂಗಡಿಯಲ್ಲಿ ತೆಂಗಿನಕಾಯಿ ಬಡಿದು ನೋಡುವವರು ನೋಡುತ್ತಾರಲ್ಲ, ಹಾಗೆ. ಅಡ್ಡಿಯಿಲ್ಲ, ನಡೆಯುತ್ತದೆ ಎಂದು ತೀರ್ಮಾನಿಸಿ ಮತ್ತೆ ಕಣ್ಣು ಮುಚ್ಚಿತು. ಅಲ್ಲಿಂದ ಬಿಜೂರಿನ ನಮ್ಮ ಮನೆಯವರೆಗೆ ಕಾರಿನಲ್ಲಿ ಬಂದದ್ದಂತೆ. ನನಗೆ ರಸ್ತೆ ನೋಡಿದ ನೆನಪಿಲ್ಲ.

ಆ ಖುಷಿಯಲ್ಲೇ ನಾನೊಂದು ಮಾತು ಆಡಿಬಿಟ್ಟೆ. "ಇದ್ರ್ ಬಾಯಿಗೆ ಮೊದಲ್ ಅನ್ನ ನಮ್ ಗದ್ದಿದೇ ಆಯ್ಕ್. ಹೊಸ್ತಿನ್ ದಿನ ನಾನೇ ತಿನ್ಸ್ತೆ."

ಹೊಸ್ತು ಎಂದರೆ ನಮ್ಮ ಕಡೆ ಹೊಸ ಕದಿರನ್ನು ಮನೆಗೆ ತಂದು, ಅದರ ಕಾಳು ಸುಲಿದು ಅನ್ನದ ಜೊತೆ ಬೇಯಿಸಿ ಉಣ್ಣುವ ಹಬ್ಬ. ಆ ಹೊತ್ತಿಗೆ ಮಗುವಿಗೂ ಅನ್ನ ಮುಟ್ಟಿಸುವ ತಿಂಗಳು. ಲೆಕ್ಕವೆಲ್ಲ ಸರಿಯಾಗಿತ್ತು. ಗುಲಾಬಿ ಮಾತ್ರ ಕಾರಿನ ಹಿಂದಿನ ಸೀಟಿನಿಂದ ಕೇಳಿದಳು, "ಗದ್ದಿ ಎಲ್ಲಿತ್ತ್ ಮಾರಾಯ್ರೆ? ಅಲ್ಲಿ ಹುಲ್ಲ್ ಆಳೆತ್ರ ನಿಂತಿತ್ತ್. ಹೊಸ್ತಿಗೆ ಹುಲ್ಲ್ ತಿನ್ಸ್ತ್ರ್ಯಾ ಮಗೀಗೆ?"

ಅವಳು ಹೇಳಿದ್ದು ನಿಜ. ನಮ್ಮದು ಬೈಲಿನ ಗದ್ದೆ. ದೊಡ್ಡಣ್ಣ ಇದ್ದಷ್ಟು ದಿನ ಬೇಸಾಯ ಮಾಡಿದ, ಆಮೇಲೆ ಬೇಸಾಯವಿಲ್ಲದೆ ಹಡಿಲು ಬಿತ್ತು. ಬಾಡಿಗೆಯ ದೊಡ್ಡ ಟ್ರ್ಯಾಕ್ಟರ್ ಅಲ್ಲಿಗೆ ಇಳಿಯುವುದಿಲ್ಲ. ಇಳಿದರೆ ಹೂತುಹೋಗುತ್ತದೆ, ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕು, ಅದೂ ಹೂತರೆ ಊರಿಗೆ ಒಂದು ವಾರದ ಮನರಂಜನೆ. ಹಾಗಾಗಿ ನಮಗೆ ಉಳಿದದ್ದು ಒಂದೇ ದಾರಿ. ದನದ ಹಟ್ಟಿಯ ಮೂಲೆಯಲ್ಲಿ ತೆಂಗಿನ ಮಡಲಿನ ಅಡಿಯಲ್ಲಿ ಮಲಗಿದ್ದ ದೊಡ್ಡಣ್ಣನ ಹಳೆಯ ಟಿಲ್ಲರ್. ಕೈಯಲ್ಲಿ ಹಿಡಿದು ಹಿಂದೆ ನಡೆಯುವ ಎರಡು ಚಕ್ರದ್ದು. ಮಣ್ಣು ಅಗೆಯುವ ರೋಟರಿ, ಕೆಸರಿಗೆ ಕಬ್ಬಿಣದ ಚಕ್ರ, ಸಾಮಾನು ಹೊರಲು ಟ್ರೈಲರ್, ಹೀಗೆ ಅದರ ಸಂಸಾರವೂ ಅಲ್ಲೇ ಮಲಗಿತ್ತು. ಅದನ್ನು ಎಬ್ಬಿಸುವುದು ಎಂದು ನಿಶ್ಚಯ ಮಾಡಿದೆ.

ನನಗೆ ಯಂತ್ರದ ಗಂಧ ಇರಲಿಲ್ಲ. ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಆಮೇಲೆ ಆಯುಷ್ಯದ ಹೆಚ್ಚಿನ ಪಾಲು ಮುಂಬೈಯ ಒಂದು ಊಟದ ಹೋಟೆಲಿನಲ್ಲಿ ಎಲೆಗೆ ಬಡಿಸಿದವನು ನಾನು. ಆದರೆ ತೊಟ್ಟಿಲು ತೂಗುವ ಕೆಲಸ ಸಿಕ್ಕಿದ ಮೇಲೆ ನನ್ನ ಒಂದು ಕೈ ಖಾಲಿ ಇರುತ್ತಿತ್ತು, ಅದರಲ್ಲಿ ಫೋನು. ಫೋನಿನಲ್ಲಿ ಯಾವುದೋ ದೇಶದ ಬಿಳಿಯರು ತೋಟದ ಸಣ್ಣ ಹಳೆಯ ಟ್ರ್ಯಾಕ್ಟರ್‌ಗಳನ್ನು ಮನೆಯಲ್ಲೇ ಬಿಚ್ಚಿ, ತೊಳೆದು, ಬಣ್ಣ ಹೊಡೆದು ಮದುಮಗನ ಹಾಗೆ ನಿಲ್ಲಿಸುವ ವಿಡಿಯೋ ಬೇಕಾದಷ್ಟು. ಮಗು ಒಂದು ನಿದ್ದೆ ಮುಗಿಸುವಷ್ಟರಲ್ಲಿ ಅವರ ಟ್ರ್ಯಾಕ್ಟರ್ ಹೊಸದಾಗಿರುತ್ತಿತ್ತು. ಎಷ್ಟು ಸುಲಭ! ಅವರಿಗೆ ಯಾಕೆ ಸುಲಭ ಎಂಬುದು ಆಮೇಲೆ ಗೊತ್ತಾಯಿತು. ಅವರು ಶೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾರೆ. ನಮ್ಮ ಹಟ್ಟಿಗೆ ಬಾಗಿಲಿಲ್ಲ.

ಮೊದಲ ದಿನವೇ ವಿಘ್ನ. ಮಡಲು ಸರಿಸಿದರೆ ಟ್ರೈಲರಿನ ಒಳಗೆ ಕೋಳಿ. ನನ್ನನ್ನು ನೋಡಿ ರೆಕ್ಕೆ ಕೆದರಿತು. ಹಿಂದಿನಿಂದ ಗುಲಾಬಿಯೂ ಬಂದಳು, ಅದೇ ಭಂಗಿಯಲ್ಲಿ.

"ಹ್ವಾಯ್, ಕೈ ಹಾಕ್ರೆ ಕಾಣಿ! ಕಾವಿಗೆ ಕೂತದ್ದ್ ಅದ್. ಮರಿ ಹೊರ್ಗೆ ಬರ್ಲಿ, ಮತ್ತೆ ನಿಮ್ ಟಿಲ್ಲರೋ ಪಿಲ್ಲರೋ ಎಂತ ಬೇಕಾರೂ ಮಾಡ್ಕಣಿ."

ಮನೆಯಲ್ಲಿ ಎರಡೆರಡು ಬಾಣಂತನ. ಒಳಗಿನ ಬಾಣಂತಿಗೆ ಬೆಳ್ಳುಳ್ಳಿ, ಎಣ್ಣೆ, ಬಿಸಿನೀರು. ಹೊರಗಿನ ಬಾಣಂತಿಗೆ ಅಕ್ಕಿನುಚ್ಚು ಮತ್ತು ನನ್ನ ಟ್ರೈಲರ್. ಎರಡರ ನಡುವೆ ನಾನು ಕಾಲ್ಬೆರಳ ತುದಿಯಲ್ಲಿ ನಡೆಯುವ ಗಂಡಸು. ಟ್ರೈಲರ್ ಕೋಳಿಗೆ ಬಿಟ್ಟುಕೊಟ್ಟು ಇಂಜಿನನ್ನು ಮಾತ್ರ ಬಿಚ್ಚಲು ಅಪ್ಪಣೆ ಸಿಕ್ಕಿತು, ಅದೂ ಸುತ್ತಿಗೆಯ ಸದ್ದು ಮಾಡದೆ.

ಬಿಚ್ಚಿದ ಸುದ್ದಿ ಹಬ್ಬಿತು. ನಮ್ಮಲ್ಲಿ ಗದ್ದೆ ನೆಡಲು ಜನ ಬೇಕೆಂದರೆ ನಾವುಂದದಿಂದ ಬೈಂದೂರಿನವರೆಗೆ ಹುಡುಕಿದರೂ ಸಿಕ್ಕುವುದಿಲ್ಲ. ಆದರೆ ಯಾರ ಮನೆಯ ಅಂಗಳದಲ್ಲಾದರೂ ಒಂದು ಇಂಜಿನ್ ಬಿಚ್ಚಿ ಇಡಿ, ಚಾ ಹೊತ್ತಿಗೆ ಸರಿಯಾಗಿ ಜನ ಬರುತ್ತಾರೆ. ಸೊಂಟಕ್ಕೆ ಕೈ ಕೊಟ್ಟು ಸುತ್ತ ನಿಲ್ಲುತ್ತಾರೆ. ಯಾರೂ ಬಗ್ಗುವುದಿಲ್ಲ. ಬಗ್ಗಿದರೆ ಸ್ಪ್ಯಾನರ್ ಕೊಟ್ಟುಬಿಟ್ಟಾರು ಎಂಬ ಭಯ. ಅವರಲ್ಲಿ ಮುಖ್ಯಸ್ಥ ನೆರೆಮನೆಯ ಮಹಾಬಲಣ್ಣ. ಇಸ್ತ್ರಿ ಹಾಕಿದ ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವರಲ್ಲ. ಅವರ ಗದ್ದೆಯೂ ಹಡಿಲೇ, ಆದರೆ ಕೃಷಿಯ ಬಗ್ಗೆ ಮೈಕ್ ಸಿಕ್ಕರೆ ಬಿಡುವವರಲ್ಲ. ಕೆಸರುಗದ್ದೆ ಆಟದ ದಿನ ಮಾತ್ರ ಆ ಅಂಗಿ ಬಿಟ್ಟು ಹೊಸ ಟೀಶರ್ಟ್ ಹಾಕಿ, ಬೇರೆಯವರ ಗದ್ದೆಗೆ ಇಳಿದು, ಮೊಣಕಾಲಿನವರೆಗೆ ಮಾತ್ರ ಕೆಸರು ಮಾಡಿಕೊಂಡು ಫೋಟೋ ತೆಗೆಸಿಕೊಳ್ಳುವ ಮಣ್ಣಿನ ಮಗ.

ಅವರು ಇಂಜಿನನ್ನು ದೂರದಿಂದಲೇ ಪರೀಕ್ಷಿಸಿ ಹೇಳಿದರು, "ಇದ್ ಕಾರ್ಬೊರೇಟರಿಂದೇ ತೊಂದ್ರಿ. ಬರ್ದ್ ಇಟ್ಕಣಿ."

ಫೋನು ನೋಡಿ ನಾನೂ ಅಷ್ಟು ಕಲಿತಿದ್ದೆ. "ಮಹಾಬಲಣ್ಣ, ಇದ್ ಡೀಸೆಲ್ ಇಂಜಿನ್. ಇದ್ರಗೆ ಕಾರ್ಬೊರೇಟರೇ ಇಲ್ಲ."

"ಅದೇ ನಾ ಹೇಳುದ್! ಅದೇ ಇಲ್ದಿರೆ ಓಡುದ್ ಹ್ಯಾಂಗೆ?"

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಚಾ ತಣಿಯುತ್ತಿತ್ತು.

ನನ್ನ ರಿಪೇರಿಯ ಕ್ರಮ ಯಾವ ವಿಡಿಯೋದಲ್ಲೂ ಇಲ್ಲ, ಅದು ಶುದ್ಧ ಹೋಟೆಲಿನದ್ದು. ಸಣ್ಣ ಬೋಲ್ಟು, ನಟ್ಟು, ವಾಷರ್‌ಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟೆ, ಒಂದು ಭಾಗದ್ದು ಒಂದು ಗುಳಿಯಲ್ಲಿ. ಗುಲಾಬಿ ಆ ತಟ್ಟೆಯನ್ನು ಹುಡುಕಿಕೊಂಡು ಬಂದು ನೋಡಿ, ಒಳಗೆ ಹೋಗಿ, ಮರುದಿನ ಬೆಳಿಗ್ಗೆ ದೋಸೆ ಮಾಡಿದಳು. ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಸಂಸಾರದಲ್ಲಿ ಇಲ್ಲ. ತುಕ್ಕಿಗೆ ಹುಣಸೆಹುಳಿ ಹಚ್ಚಿ, ತೆಂಗಿನ ನಾರಿನಲ್ಲಿ ತಾಮ್ರದ ಕೊಡ ತಿಕ್ಕುವ ಹಾಗೆ ತಿಕ್ಕಿದೆ. ಅಲುಗಾಡದಂತೆ ಹಿಡಿದುಕೊಂಡ ಪಿಸ್ಟನ್ನಿಗೆ ಡೀಸೆಲ್ ಹೊಯ್ದು, ಹಿಟ್ಟು ಹುದುಗಲು ಬಿಟ್ಟ ಹಾಗೆ ಬಿಟ್ಟೆ. ಒಂದು ದಿನ ಅದೂ ಸಡಿಲಾಯಿತು. ಎಲ್ಲ ಕೆಲಸವನ್ನೂ ಮಗು ಜಗಲಿಯಿಂದ ನೋಡುತ್ತಿತ್ತು. ನೋಡುತ್ತಿತ್ತು ಎಂದರೆ ನೋಡುವ ವಯಸ್ಸಲ್ಲ ಎಂದು ಸುಜಾತ ಹೇಳುತ್ತಾಳೆ. ಅವಳಿಗೇನು ಗೊತ್ತು, ಅವಳು ಬರೀ ತಾಯಿ.

ಇನ್ನು ರೋಟರಿ. ಅದರ ದಂಡಿಗೆ ಸಾಲಾಗಿ ಬಾಗಿದ ಬ್ಲೇಡುಗಳು. ಅವು ಒಂದರಂತೆ ಇನ್ನೊಂದಿಲ್ಲ, ನಮ್ಮ ಕೈಗಳ ಹಾಗೆ ಎಡದವು ಬೇರೆ, ಬಲದವು ಬೇರೆ. ಅದಲುಬದಲಾದರೆ ಕೆಡುತ್ತದೆ ಎಂದು ವಿಡಿಯೋದವನು ಬೆರಳೆತ್ತಿ ಎಚ್ಚರಿಸಿದ್ದ. ನಾನು ಹೆದರಲಿಲ್ಲ. ಸಾಮಾನು ಕ್ರಮವಾಗಿ ಇಡುವುದನ್ನು ನನಗೆ ಕಲಿಸುವವನು ಯಾರು? ಊಟದ ಎಲೆಗೆ ಇರುವಷ್ಟು ಕ್ರಮ ಯಾವ ಕಚೇರಿಯಲ್ಲೂ ಇಲ್ಲ. ಎಲೆಯ ಕುಡಿ ಉಣ್ಣುವವನ ಎಡಕ್ಕೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿಗೆ ಒಂದೊಂದು ಜಾಗ. ಅವು ಜಾಗ ಬಿಟ್ಟು ಕದಲಿದರೆ ಹಿರಿಯರು ಎದ್ದು ಹೋಗುವ ಊರು ನಮ್ಮದು. ಮಣೆ ಹಾಕಿ ಕುಳಿತು, ಎದುರಿಗೆ ಒಂದು ಉದ್ದನೆಯ ಬಾಳೆಲೆ ಹಾಸಿ, ಬಿಚ್ಚಿದ ಬ್ಲೇಡುಗಳನ್ನು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಬಡಿಸಿದೆ. ಮರುದಿನ ಒಂದೊಂದೇ ಎತ್ತಿ, ಉಜ್ಜಿ, ಹರಿತ ಮಾಡಿ, ಅದರದರ ಜಾಗದಲ್ಲೇ ಇಟ್ಟೆ. ಅದರ ಮರುದಿನ ಎತ್ತಿ ಎತ್ತಿ ಜೋಡಿಸಿದೆ. ನನ್ನ ಕ್ರಮಕ್ಕೆ ನಾನೇ ಮರುಳಾಗಿ ಸುಜಾತಳಿಂದ ಫೋಟೋ ತೆಗೆಸಿದೆ.

ಟಿಲ್ಲರ್ ಚಾಲೂ ಮಾಡಿದ ದಿನ ಮಹಾಬಲಣ್ಣ ಹೊಗೆನಳಿಗೆಯ ಎದುರೇ ನಿಂತಿದ್ದರು. "ಬದಿಗೆ ಬನಿ" ಎಂದೆ. "ನಂಗೆ ಇಂಜಿನ್ ಹೊಸತಾ?" ಎಂದರು. ಹ್ಯಾಂಡಲ್ ಹಾಕಿ ತಿರುಗಿಸಿದೆ. ಕೆಮ್ಮಿತು. ಮತ್ತೆ ತಿರುಗಿಸಿದೆ. ಒಮ್ಮೆಲೇ ಢಬ್ ಎಂದು ನಳಿಗೆಯೊಳಗಿದ್ದ ಕಣಜದ ಹುಳುವಿನ ಹಳೆಯ ಮಣ್ಣುಗೂಡು ಮಸಿಯ ಸಮೇತ ಹೊರಗೆ ಹಾರಿ, ಬಿಳಿ ಅಂಗಿಯ ಮೇಲೆ ಭಾರತದ ನಕ್ಷೆ ಬರೆಯಿತು. ಆಮೇಲೆ ಟಕ ಟಕ ಟಕ ಟಕ! ಜಗಲಿಯಲ್ಲಿ ಮಗು ಕೈಕಾಲು ಬಡಿದು ಕೇಕೆ ಹಾಕಿತು. ನಾನು ಅತ್ತೆ. ಹೊಗೆಗೆ ಎಂದು ಎಲ್ಲರಿಗೂ ಹೇಳಿದೆ.

ಮಳೆ ಬಂತು. ಹುಲ್ಲು ಸವರಿಸಿ ಆಗಿತ್ತು, ಅಂಗಳದ ಬದಿಯಲ್ಲಿ ಹಾಕಿದ ನೇಜಿ, ಅಂದರೆ ಭತ್ತದ ಸಸಿ, ಎದ್ದು ನಿಂತಿತ್ತು. ಇನ್ನು ತಡವಾದರೆ ನೇಜಿ ಬಲಿತುಹೋಗುತ್ತದೆ, ಹೊಸ್ತಿಗೆ ಕದಿರು ಬರುವುದಿಲ್ಲ. ಟಿಲ್ಲರ್ ಗದ್ದೆಗೆ ಇಳಿಸಿದೆ. ಗದ್ದೆಯ ಬದುವಾದ ಹಾಳಿಯ ಮೇಲೆ ಊರಿನ ತಜ್ಞರು, ಕೊಡೆ ಹಿಡಿದು. ಒಂದು ಸುತ್ತು ಹೋಗಿ ತಿರುಗಿ ನೋಡುತ್ತೇನೆ, ಕೆಸರು ಹರಡಿಲ್ಲ! ಎರಡೂ ಬದಿಯ ಮಣ್ಣು ನಡುವಿಗೆ ಬಂದು, ಗದ್ದೆಯ ಮಧ್ಯೆ ಮೊಸಳೆ ಮಲಗಿದ ಹಾಗೆ ಉದ್ದಕ್ಕೆ ದಿಬ್ಬ. ಇನ್ನೊಂದು ಸುತ್ತು, ಇನ್ನೊಂದು ಮೊಸಳೆ. ಇದರಲ್ಲಿ ನೀರು ನಿಲ್ಲಿಸುವುದು ಹೇಗೆ, ನೇಜಿ ನೆಡುವುದು ಹೇಗೆ?

"ಲಾಯ್ಕ್ ಆಯ್ತ್!" ಮಹಾಬಲಣ್ಣ ಹೊಸ ಬಿಳಿ ಅಂಗಿಯಲ್ಲಿ ಕೂಗಿದರು. "ಗೆಣ್ಸ್ ಹಾಕುಕೆ ಇದ್ರಕಿಂತ ಲಾಯ್ಕ್ ಏರಿ ಮಾಡುಕೆ ಆತಿಲ್ಲ. ಮೊಮ್ಮಗ್ಳಿಗೆ ಹೊಸ್ತಿಗೆ ಗೆಣ್ಸೇ ತಿನ್ಸಿ!"

ಎಲ್ಲರೂ ನಕ್ಕರು. ನಗಲಿ, ನಗುವುದಕ್ಕೆ ಬಂದವರೇ. ಆದರೆ ನೇಜಿ ಕಾಯುವುದಿಲ್ಲ, ಹೊಸ್ತು ಮುಂದೆ ಹೋಗುವುದಿಲ್ಲ. ಅಂಗಡಿಯಿಂದ ಅಕ್ಕಿ ತಂದು ತಿನ್ನಿಸಿದರೆ ಮಗುವಿಗೆ ಗೊತ್ತಾಗುತ್ತದೆಯೇ? ಇಲ್ಲ. ನನಗೆ ಗೊತ್ತಾಗುತ್ತದಲ್ಲ.

ಮಧ್ಯಾಹ್ನ ಕೈಕಾಲು ತೊಳೆದು ಉಣ್ಣಲು ಕುಳಿತೆ. ಗುಲಾಬಿ ಎಲೆ ಹಾಕಿ ಬಡಿಸತೊಡಗಿದಳು. ನಾನು ದುಃಖದಲ್ಲಿ ಬ್ಲೇಡಿನ ಕಥೆ ಹೇಳುತ್ತಿದ್ದೆ. ಎಲೆಯ ಮೇಲೆ ಇಟ್ಟದ್ದು, ಎತ್ತಿದ್ದು, ಒಂದೂ ತಪ್ಪದ ನನ್ನ ಕ್ರಮ. ಅವಳ ಕೈ ಉಪ್ಪಿನ ಚಮಚದ ಜೊತೆ ಅಲ್ಲೇ ನಿಂತಿತು.

"ಬಿಚ್ಚುವತ್ತಿಗೆ ಮಣಿ ಮೇಲ್ ಕೂತದ್ದ್ ಅಲ್ದಾ? ಜೋಡ್ಸುವತ್ತಿಗೆ ಎಲ್ಲಿ ನಿಂತದ್ದ್?"

"ಎಲ್ಲಿ ಅಂದ್ರೆ... ಎಲಿ ಎದ್ರ್ ಬದಿ."

"ಹಾಂಗಾರೆ ಮತ್ತೆಂತ! ಆಯುಷ್ಯ ಇಡೀ ಮಂದಿ ಎದ್ರ್ ನಿಂತ್ ಬಡ್ಸಿದ್ದೇ ಅಲ್ದಾ ನೀವ್. ಕೂತ್ ಇಟ್ಟದ್ದನ್ ನಿಂತ್ ಎತ್ತಿದ್ರಿ. ಎಡದ್ದ್ ಬಲಕ್ಕೆ ಹೋಯ್ತ್, ಬಲದ್ದ್ ಎಡಕ್ಕೆ. ಈಗ ಉಣ್ಣಿ, ಸಾರ್ ತಣೀತ್ತ್."

ಸುಜಾತ ಬಿದ್ದು ಬಿದ್ದು ನಕ್ಕಳು. ಅವಳ ಮಡಿಲಲ್ಲಿದ್ದ ಮಗುವೂ ಅವಳ ಹೊಟ್ಟೆ ಕುಣಿದದ್ದಕ್ಕೆ ನಕ್ಕಿತು. ನನಗೆ ಮಾತ್ರ ಆ ಕ್ಷಣಕ್ಕೆ ಒಂದು ವೈರಾಗ್ಯ ಬಂತು. ಎಷ್ಟು ಸಾವಿರ ಎಲೆಯ ಎದುರು ನಿಂತಿದ್ದೇನೋ, ಜಗತ್ತಿನ ಎಡಬಲಗಳೆಲ್ಲ ನನಗೆ ಎದುರಿನವನ ಎಡಬಲಗಳೇ ಆಗಿಬಿಟ್ಟಿವೆ. ಬಡಿಸುವವರ ಕಥೆಯೇ ಇಷ್ಟು. ಊರಿಗೆಲ್ಲ ಸರಿಯಾಗಿ ಬಡಿಸುತ್ತೇವೆ, ನಮ್ಮ ಎಲೆಯ ಕುಡಿ ಯಾವ ಕಡೆಗೆ ಎಂದು ಹೆಂಡತಿಯೇ ಹೇಳಬೇಕು. ವೈರಾಗ್ಯ ಮಜ್ಜಿಗೆಯವರೆಗೆ ಉಳಿಯಿತು. ಅನ್ನ ಮುಗಿಸಿ ಎದ್ದು, ಮಳೆಯಲ್ಲೇ ರೋಟರಿ ಬಿಚ್ಚಿ, ಈ ಸಲ ಮಣೆಯನ್ನು ಬಿಡದೆ ಹಿಡಿದು ಕುಳಿತು ಜೋಡಿಸಿದೆ. ಸಂಜೆಯೊಳಗೆ ಮೊಸಳೆಗಳೆಲ್ಲ ಕರಗಿ ಗದ್ದೆ ಗಂಜಿಯ ಹಾಗೆ ಸಮನಾಯಿತು. ಹಾಳಿಯ ಮೇಲೆ ಆಗ ಒಬ್ಬರೂ ಇರಲಿಲ್ಲ. ಸರಿಯಾಗುವುದನ್ನು ನೋಡಲು ಕೊಡೆ ಹಿಡಿದು ನಿಲ್ಲುವ ರೂಢಿ ನಮ್ಮಲ್ಲಿಲ್ಲ.

ನೆಡಲು ಜನ ಸಿಗದೆ ನಾನೂ ಗುಲಾಬಿಯೂ ಬಗ್ಗಿ ಬಗ್ಗಿ ನೇಜಿ ನೆಟ್ಟೆವು. ಕದಿರು ಬಂತು. ಹೊಸ್ತಿನ ಬೆಳಿಗ್ಗೆ ಹಾಳಿಯ ಮೇಲೆ ಮತ್ತೆ ಅದೇ ಜನ. ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುವ ಕದಿರು ಬಾಡಿರುತ್ತದಂತೆ, ಊರಿನ ಗದ್ದೆಯದ್ದೇ ಶ್ರೇಷ್ಠವಂತೆ. ಮಹಾಬಲಣ್ಣ ಒಂದು ಹಿಡಿ ಕೊಯ್ದುಕೊಂಡು, "ನಾವೆಲ್ಲ ನಿಂತ್ ಮಾಡ್ಸಿದ್ ಗದ್ದಿ ಅಲ್ದಾ ಇದ್" ಎಂದರು. ನಿಂತದ್ದು ನಿಜ. ಇನ್ನೊಂದು ಹಿಡಿ ಕೊಟ್ಟು ಕಳಿಸಿದೆ. ಅಷ್ಟು ಖುಷಿಯ ದಿನ ಯಾರ ಹತ್ತಿರ ಜಗಳ ಮಾಡುವುದು? ಬಾಗಿಲಿಗೆ, ಬಾವಿಗೆ, ಹಟ್ಟಿಗೆ, ಹಲಸಿನ ಮರಕ್ಕೆ ಕದಿರು ಕಟ್ಟಿದೆವು. ಟಿಲ್ಲರಿನ ಹ್ಯಾಂಡಲಿಗೆ ನಾನೇ ಕಟ್ಟಿದೆ, ಸ್ವಲ್ಪ ಜಾಸ್ತಿಯೇ.

ಮಧ್ಯಾಹ್ನ ಮಗುವನ್ನು ತೊಡೆಯ ಮೇಲೆ ಕೂರಿಸಿ ಹೊಸ ಅಕ್ಕಿಯ ಒಂದು ಅಗುಳು ಅರೆದು ನಾಲಗೆಗೆ ಮುಟ್ಟಿಸಿದೆ. ಅದು ಬಾಯಿ ಚಪ್ಪರಿಸಿತು, ಹುಬ್ಬು ಗಂಟು ಹಾಕಿತು, ವಿಚಾರ ಮಾಡಿತು. ಆಮೇಲೆ ನುಂಗಿ, ಮತ್ತೆ ಬಾಯಿ ತೆರೆಯಿತು. ನನ್ನ ಜೀವ ತಂಪಾಯಿತು.

ನಮ್ಮಲ್ಲಿ ಹೊಸ್ತಿನ ತುತ್ತು ಬಾಯಿಗಿಡುವ ಮೊದಲು ಕಿರಿಯರು ಹಿರಿಯರಿಗೆ ಕೈಮುಗಿದು "ಹೊಸ್ತ್ ಉಂತೆ" ಎಂದು ಹೇಳಿ ಅಪ್ಪಣೆ ಪಡೆಯಬೇಕು. ಸುಜಾತ ನನಗೆ ಹೇಳಿದಳು, ಗುಲಾಬಿಯೂ ಹೇಳಿದಳು. ಇಬ್ಬರಿಗೂ ಅಪ್ಪಣೆ ಕೊಟ್ಟೆ. ಈಗ ನನ್ನ ಸರದಿ, ನಾನು ಯಾರಿಗೆ ಹೇಳಲಿ? ದೊಡ್ಡಣ್ಣ ಹೋದ ಮೇಲೆ ಈ ಮನೆಯಲ್ಲಿ ನನಗಿಂತ ಹಿರಿಯರಿಲ್ಲ. ಪ್ರತಿ ವರ್ಷ ಗೋಡೆ ನೋಡಿ ಗೊಣಗಿ ಉಂಡುಬಿಡುತ್ತಿದ್ದೆ. ಈ ಸಲ ತೊಡೆಯ ಮೇಲೆ ಕೂತದ್ದನ್ನು ನೋಡಿದೆ. ಗದ್ದೆ ಮಾಡಿಸಿದ್ದು ಇದು, ಆಯುಷ್ಯವಿಡೀ ನಿಂತು ಬಡಿಸಿದ ನನ್ನನ್ನು ಮಣೆಯ ಮೇಲೆ ಕೂರಿಸಿದ್ದೂ ಇದೇ. ಹಿರಿತನಕ್ಕೆ ಇನ್ನೇನು ಬೇಕು? ಕೈಮುಗಿದು, "ಮಗಾ, ಹೊಸ್ತ್ ಉಂತೆ ಅಕಾ?" ಎಂದೆ.

ಅದು ಬಾಯಿಯಲ್ಲಿದ್ದ ಎರಡನೇ ತುತ್ತನ್ನು ಪುರ್ ಎಂದು ನನ್ನ ಮುಖಕ್ಕೆ ಊದಿತು. ಅಪ್ಪಣೆಯಾಯಿತೆಂದು ತಿಳಿದು, ಒರೆಸಿಕೊಳ್ಳದೆ ಉಂಡೆ.