ಹಕ್ಕಿಚಿತ್ರಗಳ ಹಿಂಬದಿ

ಶಿರಾದ ಹೆಣ್ಣುಮಕ್ಕಳ ಶಾಲೆಯಿಂದ ಪಾವಗಡಕ್ಕೆ ವರ್ಗವಾದಾಗ ನನಗೆ ಇಪ್ಪತ್ತಾರು ವರ್ಷ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ ಉಪಾಧ್ಯಾಯಿನಿಯಾದವಳು ನಾನು. ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಹೆಂಗಸು ಹಿತ್ತಲ ಗೋಡೆಯ ಮೇಲಿಂದ ಒಂದು ಆಲ್ಬಮ್ ಕೊಟ್ಟರು. ಅವರು ಗೋಷಾದಲ್ಲಿದ್ದವರು, ಹೊರಗೆ ಬರುತ್ತಿರಲಿಲ್ಲ. ನಾನು ಅವರನ್ನು ಆಪಾ ಎನ್ನುತ್ತಿದ್ದೆ. ನಾಲ್ಕು ವರ್ಷ ಆ ಗೋಡೆಯೇ ನಮ್ಮಿಬ್ಬರ ಜಗಲಿಯಾಗಿತ್ತು.

"ಅಲ್ಲಿನ ಹುಡುಗೀರ್ಗೆ ತೋರ್ಸು ಬೇಟಿ. ರಜಾಕ್ಕೆ ಬಂದಾಗ ತಂದ್ಕೊಡು" ಅಂದರು.

ಸಿಗರೇಟು ಪೊಟ್ಟಣಗಳಲ್ಲಿ ಬರುತ್ತಿದ್ದ ಬಣ್ಣದ ಹಕ್ಕಿಕಾರ್ಡುಗಳ ಆಲ್ಬಮ್ ಅದು. ಆಪಾ ಅವರ ತಮ್ಮ ಬೊಂಬಾಯಿ ಬಂದರಿನಲ್ಲಿ ಕೆಲಸಕ್ಕಿದ್ದಾಗ ಅಕ್ಕನಿಗೆ ಬರೆದ ಪ್ರತಿ ಕಾಗದದಲ್ಲೂ ಒಂದೊಂದನ್ನು ಇಟ್ಟು ಕಳಿಸುತ್ತಿದ್ದನಂತೆ. ನಲವತ್ತೇಳು ಸೇರಿದ್ದವು. ಅಷ್ಟರಲ್ಲಿ ಅವನು ಜ್ವರ ಬಂದು ಅಲ್ಲೇ ತೀರಿಕೊಂಡ. ದಪ್ಪ ಹಾಳೆಯಲ್ಲಿ ಸಣ್ಣ ಸೀಳುಗಳನ್ನು ಮಾಡಿ, ಕಾರ್ಡಿನ ನಾಲ್ಕು ಮೂಲೆಗಳನ್ನು ಅವಕ್ಕೆ ಸಿಕ್ಕಿಸಿದ್ದರು.

ಪಾವಗಡದಲ್ಲಿ ಬೆಟ್ಟದ ಕೆಳಗೆ ಒಂದೇ ಕೋಣೆಯ ಮನೆ ಸಿಕ್ಕಿತು. ಬೀದಿಯ ಮಾತೆಲ್ಲ ತೆಲುಗು. ನನ್ನ ಕನ್ನಡಕ್ಕೆ ಅಕ್ಕಪಕ್ಕದವರು ನಗುತ್ತಾ ತಲೆಯಾಡಿಸುತ್ತಿದ್ದರು, ಆಮೇಲೆ ಒಳಗೆ ಹೋಗುತ್ತಿದ್ದರು. ಶಾಲೆಯಲ್ಲಿ ಮಾತ್ರ ಆಲ್ಬಮ್ ಬಿಚ್ಚಿದರೆ ಹುಡುಗಿಯರು ಮೈಮೇಲೆ ಬೀಳುತ್ತಿದ್ದರು. "ಇದೇಮಿ ಪಿಟ್ಟ, ಟೀಚರಮ್ಮಾ?" ಎಂದು ಹಕ್ಕಿಯ ಹೆಸರು ಕೇಳುವರು. ನಾನು ಮಿಂಚುಳ್ಳಿ ಎಂದರೆ ಅವರೂ ಮಿಂಚುಳ್ಳಿ ಎನ್ನುವರು. ಸಂಜೆ ಕೋಣೆಗೆ ಬಂದು ಊಟ ಮಾಡುವಾಗಲೂ ಅದನ್ನು ತೆರೆದಿಟ್ಟುಕೊಳ್ಳುತ್ತಿದ್ದೆ. ಎದುರಿಗೆ ಯಾರೋ ಇದ್ದ ಹಾಗಾಗುತ್ತಿತ್ತು.

ಬೇಸಿಗೆ ರಜಾ ಬಂತು. ಮಧುಗಿರಿಯಲ್ಲಿದ್ದ ನನ್ನ ಅಣ್ಣನ ಮನೆಗೆ ಹೋದೆ, ಶಿರಾಕ್ಕೆ ಹೋಗಲಿಲ್ಲ. ಅತ್ತಿಗೆಗೆ ಮೈ ಸರಿಯಿಲ್ಲ ಎಂದು ಆಪಾಗೆ ಬರೆದೆ. ಅತ್ತಿಗೆ ಗಟ್ಟಿಮುಟ್ಟಾಗಿದ್ದರು. ಆಲ್ಬಮ್ ಕೊಡಲು ನನಗೆ ಇಷ್ಟವಿರಲಿಲ್ಲ, ಅಷ್ಟೆ.

ದಸರಾಕ್ಕೆ ಇನ್ನೂ ಮೂರು ವಾರವಿತ್ತು, ಆಪಾ ಕಾಗದ ಬರೆಸಿದರು. ತಮ್ಮನ ಮಗಳು ಮೊದಲ ಸಲ ಬೊಂಬಾಯಿಯಿಂದ ಬರುತ್ತಿದ್ದಾಳೆ, ಆಲ್ಬಮ್ ಬೇಕು, ಬೇಗ ಕಳಿಸು ಎಂದಿತ್ತು. ನನಗೆ ನಾಚಿಕೆಯಾಯಿತು. ಅದರ ಜೊತೆಗೆ ಸ್ವಲ್ಪ ಸಿಟ್ಟೂ ಬಂತು ಎಂದು ಈಗ ಒಪ್ಪಿಕೊಳ್ಳಬೇಕು.

ಪಾರ್ಸೆಲ್ ಕಟ್ಟಲು ಕೂತೆ. ನನ್ನ ಊಟದ ಮೇಜಿನ ಮೇಲೆ ಬೆಂಗಳೂರಿನಿಂದ ತರಿಸಿದ್ದ ಹೂಬಳ್ಳಿಯ ಮೇಣಬಟ್ಟೆ ಇತ್ತು. ಆ ಕೋಣೆಯಲ್ಲಿ ಚೆಲುವಾಗಿದ್ದ ವಸ್ತು ಅದೊಂದೇ. ನೀರು ಇಳಿಯದಂತೆ ಅದರಲ್ಲೊಂದು ತುಂಡು ಆಲ್ಬಮ್ಮಿಗೆ ಸುತ್ತೋಣವೆಂದು ಕತ್ತರಿ ಹಿಡಿದು ಅಂಚಿನವರೆಗೂ ಹೋದೆ. ಕತ್ತರಿಸಲು ಮನಸ್ಸು ಬರಲಿಲ್ಲ. ಪಾವಗಡದಲ್ಲಿ ಮಳೆ ಎಲ್ಲಿಯದು ಎಂದುಕೊಂಡೆ. ಎರಡು ಸುತ್ತು ಹಳೆಯ ಪತ್ರಿಕೆ, ಅದರ ಮೇಲೆ ಒಂದು ಸುತ್ತು ಹಳೆಯ ಪಂಚೆ ಸುತ್ತಿ ಹೊಲಿದೆ.

ಅಂಚೆಯವರು ಪಾರ್ಸೆಲ್ಲನ್ನು ಒತ್ತಿ ನೋಡಿ, "ಒಳಗೆ ಮೇಣಬಟ್ಟೆ ಹಾಕಿದ್ದೀರೇನಮ್ಮ? ಆ ಕಡೆ ಮಳೆ ಹಿಡ್ಕೊಂಡದಂತೆ" ಎಂದು ಕೇಳಿದರು.

"ಹಾಕಿದ್ದೀನಿ" ಅಂದೆ.

ನಾಲ್ಕು ದಿನದ ಮೇಲೆ ಮಧುಗಿರಿಯಿಂದ ಬಂದ ಬಸ್ಸಿನ ಡ್ರೈವರು ಚಾವಡಿ ಕಟ್ಟೆಯ ಮೇಲೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. "ದೊಡ್ಡೇರಿ ಕಡೆ ಹಳ್ಳ ಬಂದ್ಬುಟ್ಟಿತ್ತು. ಟಪ್ಪಾಲು ಚೀಲನೆಲ್ಲ ತಲೆಮ್ಯಾಲೆ ಹೊತ್ಕೊಂಡು ದಾಟ್ಸುದ್ರಂತೆ. ಮ್ಯಾಲಿಂದ ಮಳೆ, ಕೆಳಗೆ ನೀರು. ಹೆಂಗೆ ನೆನೀದೆ ಇರ್ತದೆ?" ಶಿರಾದ ಟಪ್ಪಾಲೂ ಹೋಗುವುದು ಆ ದಾರಿಯಲ್ಲೇ. ನಾನು ಅಲ್ಲಿಯೇ ನಿಂತೆ. ಯಾವ ದಿನ ಎಂದು ಕೇಳಲು ಧೈರ್ಯ ಬರಲಿಲ್ಲ.

ಆಪಾ ಅವರ ಕಾಗದ ಬಂತು. ಎರಡೇ ಸಾಲು. ಪಾರ್ಸೆಲ್ ನೆನೆದು ಬಂದಿದೆ, ಮಳೆ ಖುದಾನದು, ನೀನೇನು ಮಾಡುತ್ತೀಯ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆ ಎರಡು ಸಾಲು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ದಸರಾ ರಜಾ ಶುರುವಾದ ದಿನವೇ ಶಿರಾಕ್ಕೆ ಹೋದೆ. ಆಪಾ ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟರು. ತಮ್ಮನ ಮಗಳು ಬಂದು, ಎಂಟು ದಿನ ಇದ್ದು ಹೋಗಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಕಾರ್ಡುಗಳನ್ನು ಹರಡಿದ್ದರು. ಅಂಟಿಕೊಂಡಿದ್ದವನ್ನು ಮೆಲ್ಲಗೆ ಒಂದೊಂದಾಗಿ ಬಿಡಿಸಿದ್ದರು. ಬಣ್ಣ ಮಸುಕಾಗಿತ್ತು, ಅಂಚು ಡೊಂಕಾಗಿತ್ತು. ಆದರೂ ಹಕ್ಕಿಗಳನ್ನು ಗುರುತಿಸಬಹುದಿತ್ತು. ನನಗೆ ಜೀವ ಬಂದಂತಾಯಿತು.

"ಅಷ್ಟೇನೂ ಕೆಟ್ಟಿಲ್ಲ ಅಲ್ವಾ ಆಪಾ" ಅಂದೆ.

ಅವರು ಒಂದು ಕಾರ್ಡನ್ನು ಮಗುಚಿ ತೋರಿಸಿದರು. ಹಿಂಬದಿಯ ತುಂಬ ನೀಲಿ ಮಬ್ಬು. ಇನ್ನೊಂದನ್ನು ಮಗುಚಿದರು. ಅದೂ ಹಾಗೆಯೇ.

"ಹಿಂದ್ಗಡೆ ಅವ್ನು ಬರೀತಿದ್ದ. ಒಂದೊಂದು ಮಾತು. ಇವತ್ತು ಮೀನು ತಿಂದೆ, ಇವತ್ತು ಮಗಳು ನಕ್ಕಳು, ಅಂಗೆ. ಕಾಗದಗಳ್ನ ಗೆದ್ಲು ತಿಂತು. ಇದೊಂದೇ ಉಳ್ದಿತ್ತು" ಅಂದರು ಆಪಾ. "ನಂಗೆಲ್ಲಾ ಬಾಯಿಗೆ ಬತ್ತದೆ, ಹುಡುಗಿಗೆ ಹೇಳ್ದೆ. ಆದ್ರೆ ಅವ್ಳು ಅಪ್ಪನ ಅಕ್ಷರ ನೋಡ್ಬೇಕು ಅಂದ್ಲು."

ಹೆಚ್ಚುಕಡಿಮೆ ಒಂದು ವರ್ಷ ಆ ಆಲ್ಬಮ್ ನನ್ನ ಬಳಿ ಇತ್ತು. ಒಂದು ದಿನವೂ ಒಂದು ಕಾರ್ಡಿನ ಹಿಂಬದಿಯನ್ನು ನಾನು ನೋಡಿರಲಿಲ್ಲ.

ತಡೆದುಕೊಳ್ಳಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅತ್ತಿಗೆಯ ಸುಳ್ಳು ಕಾಯಿಲೆ, ಮೇಜಿನ ಮೇಣಬಟ್ಟೆ, ಅಂಚೆಯವರಿಗೆ ಹೇಳಿದ ಸುಳ್ಳು. ಹೇಳುತ್ತಾ ಅತ್ತೆ. ಅವರು ಅಳಲಿಲ್ಲ. ಚಹಾದ ಲೋಟ ಎತ್ತಿಟ್ಟು ಬಂದರು.

"ನೀನು ಹೇಳ್ದೇ ಇದ್ದಿದ್ರೆ ಚೆನ್ನಾಗಿತ್ತು" ಅಂದರು ಕೊನೆಗೆ. "ಮಳೆ ಮೇಲೆ ಸಿಟ್ಟು ಮಾಡ್ಕೊಂಡು ಸುಮ್ನಾಗಿದ್ದೆ. ಈಗ ನಿನ್ ಮೇಲೆ ಮಾಡ್ಕೋಬೇಕು."

"ಮಾಡ್ಕೊಳ್ಳಿ ಆಪಾ."

"ನಂಗೆ ಅಂತ ಇದ್ದೋಳು ನೀನೊಬ್ಳೇ" ಅಂದರು. ದನಿ ಏರಿಸಲಿಲ್ಲ. ಬಾಗಿಲವರೆಗೆ ಬಂದು ಪರದೆಯ ಹಿಂದೆ ನಿಂತು, ಜೋಪಾನವಾಗಿ ಹೋಗು ಎಂದರು.

ಆಮೇಲೆ ಆರು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಕೊರಟಗೆರೆಗೆ ವರ್ಗವಾದ ಮೇಲೆ, ಸೈನ್ಯದ ಪಲ್ಟನ್ನಿನಿಂದ ನಿವೃತ್ತರಾಗಿದ್ದ ಒಬ್ಬರ ಬಳಿ ಅಂಥದೇ ಕಾರ್ಡುಗಳು ಸಿಕ್ಕಿದವು. ಬೇಡಿ ತಂದು ಆಪಾಗೆ ಕಳಿಸಿದೆ. ತಲುಪಿದ್ದಕ್ಕೆ ರಶೀದಿ ಬಂತು, ಅವರ ರುಜು ಇತ್ತು. ಬೇರೆ ಒಂದಕ್ಷರವಿಲ್ಲ. ಅದು ಸರಿಯೇ. ಬೇರೆ ಯಾರದೋ ಹಕ್ಕಿಗಳನ್ನು ಇಟ್ಟುಕೊಂಡು ಅವರೇನು ಮಾಡಿಯಾರು?

ಚಿತ್ರದುರ್ಗದ ಕಡೆ ಹೋಗಬೇಕಾದಾಗೆಲ್ಲ ಬಸ್ಸು ಶಿರಾದಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ಎಷ್ಟೋ ವರ್ಷ ನಾನು ಇಳಿಯಲೇ ಇಲ್ಲ. ಒಮ್ಮೆ ಇಳಿದು ಆ ಬೀದಿಗೆ ಹೋದೆ. ಮನೆಯಲ್ಲಿ ಬೇರೆಯವರಿದ್ದರು. ತಮ್ಮನ ಮಗಳು ಬಂದು ಆಪಾ ಅವರನ್ನು ಬೊಂಬಾಯಿಗೆ ಕರೆದುಕೊಂಡು ಹೋದಳೆಂದು ಹೇಳಿದರು. ಅವರಿಗೊಬ್ಬರು ಜೊತೆಯಾದರಲ್ಲ ಎಂದು ಸಂತೋಷವಾಯಿತು. ವಿಳಾಸ ಕೇಳಬೇಕೆನ್ನಿಸಿತು. ಕೇಳದೆ ಬಂದು ಬಸ್ಸು ಹತ್ತಿದೆ.