ಗುಳ್ಳೆಯಿದ್ದ ಈಲಿ

ನಮ್ಮದು ಮಾಂಸದ ಅಂಗಡಿ. ಕುರಿಯ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ನೀರು ತುಂಬಿದ ಬಿಳಿ ಗುಳ್ಳೆ ಕಂಡರೆ ಅದನ್ನು ಮಾರುತ್ತಿರಲಿಲ್ಲ. ಅಷ್ಟು ನಿಯತ್ತು ನಮಗಿತ್ತು. ಅಂಥದ್ದನ್ನು ಹಿತ್ತಲಿನ ನಾಯಿಗೆ ಎಸೆಯುವುದು ನನ್ನ ಕೆಲಸ. ಹನ್ನೆರಡು ವರ್ಷ ಎಸೆದಿದ್ದೇನೆ.

ನಾಯಿ ಅತ್ತಿಗೆಯದು. ಮಕ್ಕಳಾಗದ ಹೆಂಗಸು, ಅದನ್ನೇ ಮಗು ಅಂದುಕೊಂಡಿದ್ದಳು. ಅದರ ಮೈ ಸವರಿದ ಕೈಯಲ್ಲೇ ಊಟಕ್ಕೆ ಕೂರುತ್ತಿದ್ದಳು. ಬೆಳಗಿನಿಂದ ನಿಂತು ಕೀಮಾ ಕೊಚ್ಚುವವಳೂ ಅವಳೇ.

ಎರಡು ವರ್ಷದ ಹಿಂದೆ ಅವಳ ಬಲಗಾಲು ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆಯತೊಡಗಿತು. ನರದ ನೋವು, ಸಯಾಟಿಕಾ ಎಂದು ಒಬ್ಬ ಡಾಕ್ಟರು ಬೆಲ್ಟ್ ಕಟ್ಟಿಸಿ ಮಾತ್ರೆ ಕೊಟ್ಟರು. ಯಾವುದೂ ನಾಟಲಿಲ್ಲ. ಅವಳು ನೋವು ತಾಳದೆ ಕುಸಿದು ಕೂತರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಣ್ಣ ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದ. ನಾನು ಅವಳಂತೆ ಕುಂಟಿ ತೋರಿಸುತ್ತಿದ್ದೆ. ಗಿರಾಕಿಗಳು ನಗುತ್ತಿದ್ದರು. ಒಮ್ಮೊಮ್ಮೆ ಅವಳೂ ನಗುತ್ತಿದ್ದಳು, ಪಾಪ.

ಪಾದ ಎತ್ತಲಾಗದೆ ಚಪ್ಪಲಿ ತಾನಾಗಿ ಕಳಚಿ ಬೀಳತೊಡಗಿದ ಮೇಲೆ ದೊಡ್ಡ ಆಸ್ಪತ್ರೆಗೆ ಒಯ್ದೆವು. ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಬುಡಕ್ಕೆ ದ್ರಾಕ್ಷಿಗೊಂಚಲಿನಂಥ ನೀರಿನ ಚೀಲಗಳು ಕಂಡವು. ಗುಳ್ಳೆಯಿದ್ದ ಹಸಿ ಈಲಿ ತಿಂದ ನಾಯಿಯ ಕರುಳಲ್ಲಿ ಹುಳು ಬೆಳೆಯುತ್ತದಂತೆ. ಅದರ ಮೊಟ್ಟೆ ನಾಯಿಯ ಮೈಯಿಂದ ಕೈಗೆ, ಕೈಯಿಂದ ಬಾಯಿಗೆ ಹೋಗಿ, ಅವಳೊಳಗೆ ಮನೆ ಮಾಡಿ ಕಾಲಿನ ನರ ಹಿಂಡುತ್ತಿದೆ ಎಂದರು ಡಾಕ್ಟರಮ್ಮ. ಚೀಲಗಳನ್ನೆಲ್ಲ ತೆಗೆಯಲಾಗದು, ಕಾಲು ಮರಳಿ ಬರುವ ಭರವಸೆಯಿಲ್ಲ ಎಂದೂ ಹೇಳಿದರು. ಆಮೇಲೆ, ನಾಯಿಗೆ ಅದನ್ನು ಹಾಕುತ್ತಿದ್ದವರು ಯಾರು ಎಂದು ಕೇಳಿದರು.

ಅಣ್ಣ ಹಿಂದುಮುಂದು ನೋಡಲಿಲ್ಲ. "ಇವಳೇ. ಇವಳ ನಾಯಿ, ಇವಳ ಕರ್ಮ."

ಯಾರು ಹಾಕುತ್ತಿದ್ದರೆಂದು ಅವನಿಗೂ ಗೊತ್ತಿತ್ತು. ಆದರೆ ತಪ್ಪು ಅವಳದಾದರೆ ಕೈತೊಳೆದುಕೊಳ್ಳುವುದು ಸಲೀಸು. ಕುಂಟಿಯನ್ನು ಕೂರಿಸಿ ಅನ್ನ ಹಾಕಲು ತನ್ನಿಂದಾಗದು, ತವರಿಗೆ ಕಳಿಸುತ್ತೇನೆ ಎಂದು ಅವಳ ಎದುರಿಗೇ ಹೇಳಿದ.

ಅತ್ತಿಗೆ ಮಂಚದ ಕಂಬಿ ಹಿಡಿದು ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳಪ್ಪ. ನಾನು ಒಂದಿನನಾದ್ರೂ ಹಾಕಿದ್ನಾ?"

ನಿಜ ಹೇಳಿದ್ದರೆ ಅಣ್ಣ ನನ್ನನ್ನೇನೂ ಓಡಿಸುತ್ತಿರಲಿಲ್ಲ. ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು. ಅಷ್ಟೂ ನನ್ನಿಂದಾಗಲಿಲ್ಲ.

"ನಾನು ನೋಡಿಲ್ಲ ಅತ್ತಿಗೆ" ಎಂದೆ.

ಅವಳು ಕಾಲಿನ ಮೇಲೆ ಹೊದಿಕೆ ಎಳೆದುಕೊಂಡಳು.